ಕೋವಿಯ ನಳಿಗೆಯಲ್ಲಿ ಸ್ವರ

ಸಂಗೀತ ರಚನೆಗೆ ಸ್ಫೂರ್ತಿ ಎಲ್ಲಿಂದ ಒದಗುತ್ತದೆ? ಏಕಾಂತದಿಂದ ಎನ್ನುವವರೇ ಹೆಚ್ಚು. ಮೈಹರಿನ ಚರಿತ್ರೆ ಬೇರೊಂದು ಉತ್ತರವನ್ನು ಹೇಳುತ್ತದೆ.

ಈಗಿನ ಮಧ್ಯಪ್ರದೇಶದಲ್ಲಿರುವ ಮೈಹರ್ ಆಗ ಒಂದು ಪುಟ್ಟ ಸಂಸ್ಥಾನ. 1918ರ ಸಾಂಕ್ರಾಮಿಕ ಜಾಡ್ಯ ಅಲ್ಲಿ ಅನೇಕ ಮಕ್ಕಳನ್ನು ತಬ್ಬಲಿಗಳನ್ನಾಗಿಸಿತು. ಆಸ್ಥಾನ ವಿದ್ವಾಂಸರಾಗಿದ್ದ ಉಸ್ತಾದ್ ಅಲ್ಲಾವುದ್ದೀನ್ ಖಾನರು ಅಂಥ ಮಕ್ಕಳನ್ನು ಕಲೆಹಾಕಿ ವಾದ್ಯ ಕಲಿಸಿದರು. ಅದೇ ಮೈಹರ್ ವಾದ್ಯವೃಂದ. ಸಿತಾರ್, ಸರೋದ್‌ಗಳೊಡನೆ ಪಿಟೀಲೂ ಅಲ್ಲಿ ಕೂಡಿತು. ಕೋವಿಯ ನಳಿಗೆಗಳನ್ನು ಸ್ವರಕ್ಕೆ ತಕ್ಕ ಉದ್ದಕ್ಕೆ ಕತ್ತರಿಸಿ, ಕಡ್ಡಿಗಳಿಂದ ನುಡಿಸುವ ‘ನಲ್‌ತರಂಗ್’ ಎಂಬ ವಾದ್ಯವನ್ನೂ ಅವರು ರೂಪಿಸಿದರು. ಕೊಲ್ಲಲೆಂದು ಮಾಡಿದ ಉಕ್ಕು ಹಾಡತೊಡಗಿತು.

ನಮ್ಮ ಶಾಸ್ತ್ರೀಯ ಸಂಗೀತ ಬಹುಮಟ್ಟಿಗೆ ಒಬ್ಬೊಬ್ಬರ ಮನೋಧರ್ಮವನ್ನು ನಂಬಿದ್ದು. ಹಲವರು ಒಟ್ಟಾಗಿ ನುಡಿಸಬೇಕಾದರೆ ಮೊದಲೇ ಗೊತ್ತುಪಡಿಸಿದ ರಚನೆ ಬೇಕು. ಖಾನರು ಈ ಮಕ್ಕಳಿಗೆಂದೇ ರಾಗಗಳಲ್ಲಿ ಅಂಥ ರಚನೆಗಳನ್ನು ಹೆಣೆದರು. ರವಿಶಂಕರ, ಅಲಿ ಅಕ್ಬರ್ ಖಾನರಂಥ ಲೋಕವಿಖ್ಯಾತರ ಗುರುವಾದವರು, ಯಾರೂ ಹೆಸರು ಹಿಡಿದು ಕರೆಯದ ಮಕ್ಕಳಿಗೂ ತಮ್ಮ ವಿದ್ಯೆಯನ್ನು ಧಾರೆಯೆರೆದರು. 1972ರಲ್ಲಿ ಅವರು ಕಣ್ಮುಚ್ಚಿದ ಮೇಲೂ ವೃಂದದ ವಾದನ ನಿಲ್ಲಲಿಲ್ಲ.

ಹಸಿದವರ ಪಂಕ್ತಿ ಎದುರಿಗೆ ಕುಳಿತಿರುವಾಗ ಅಡುಗೆಯವನು ಸ್ಫೂರ್ತಿಗಾಗಿ ಕಾಯುವುದಿಲ್ಲ. ಸ್ವಂತ ರಚನೆಗೆ ತೊಡಗುವ ವಾದಕರು ಮೊದಲು ಆ ಪಂಕ್ತಿಯನ್ನು ಕಂಡುಕೊಳ್ಳಬೇಕು.