ಜೈಲಿನ ನೆಲದಡಿ ಸಿಕ್ಕ ಏಳು ಹೆಸರು

ಉತ್ತರ ಇಸ್ರೇಲಿನಲ್ಲಿ ಮೆಗಿಡ್ಡೊ ಅಂತ ಒಂದು ಜೈಲಿದೆ. 2005ರಲ್ಲಿ ಅದನ್ನು ದೊಡ್ಡದು ಮಾಡಲು ಹೊರಟಾಗ, ಕಟ್ಟಡ ಏಳುವ ಮುಂಚೆ ಪುರಾತತ್ವದವರು ನೆಲ ಅಗೆಸಿದರು. ಅಗೆದವರಲ್ಲಿ ಜೈಲಿನ ಕೈದಿಗಳೂ ಇದ್ದರು. ಮಣ್ಣು ಸರಿಸಿದರೆ ಕೆಳಗೆ ಚೂರು ಚೂರು ಕಲ್ಲು ಜೋಡಿಸಿ ಮಾಡಿದ ಮೊಸಾಯಿಕ್ ನೆಲ! ಸುಮಾರು 580 ಚದರ ಅಡಿ. ಅದರಲ್ಲಿ ಎರಡು ಮೀನಿನ ಚಿತ್ರ, ಮೂರು ಗ್ರೀಕ್ ಬರಹ.

ಇದು ಕ್ರಿ.ಶ. 230ರ ಆಸುಪಾಸಿನ ಪ್ರಾರ್ಥನಾ ಕೋಣೆ ಎಂಬುದು ಅಗೆದವರ ಲೆಕ್ಕ. ಸ್ವಲ್ಪ ಈಚಿನದು ಎನ್ನುವ ವಿದ್ವಾಂಸರೂ ಇದ್ದಾರೆ. ಮೊದಲಿನ ಲೆಕ್ಕವೇ ಸರಿಯಾದರೆ, ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರಿಗೆ ಬಹಿರಂಗವಾಗಿ ಪೂಜಿಸುವ ಹಕ್ಕು ಸಿಕ್ಕಿದ್ದು 313ರಲ್ಲಿ. ಅಂದರೆ ಅದಕ್ಕೂ 80 ವರ್ಷ ಮೊದಲು ಇಲ್ಲಿನವರು ತಮ್ಮ ಹೆಸರನ್ನೇ ನೆಲದಲ್ಲಿ ಬರೆಸಿದ್ದರು.

ಬರೆಸಿದವರು ಯಾರು ನೋಡಿ. ಒಬ್ಬ ಗಯಾನಸ್. ರೋಮ್ ಸೈನ್ಯದ ಶತಾಧಿಪತಿ, ಅಂದರೆ ನೂರಾಳಿನ ನಾಯಕ. ಪಕ್ಕದಲ್ಲೇ ಆರನೇ ಲೀಜನ್ ಎಂಬ ದೊಡ್ಡ ದಂಡಿನ ಪಾಳೆಯವಿತ್ತು. ಚಕ್ರವರ್ತಿಯ ಸಂಬಳ ಉಣ್ಣುವ ಈ ಮನುಷ್ಯನನ್ನು ಬರಹವು 'ನಮ್ಮ ಸಹೋದರ' ಎನ್ನುತ್ತದೆ. ನೆಲ ಹಾಕಿಸಿದ್ದು ತನ್ನ ಸ್ವಂತ ದುಡ್ಡಿನಲ್ಲಿ ಎಂದೂ ಹೇಳುತ್ತದೆ. ಅದರ ಕೊನೆಗೆ ಕೆಲಸ ಮಾಡಿದ ಬ್ರೂಟಿಯಸ್‌ನ ಹೆಸರೂ ಉಂಟು. ಕೂಲಿಯಾಳಿನ ಹೆಸರು ಧಣಿಯ ಹೆಸರಿನ ಜೊತೆಗೇ! ನಮಗೆ ಇದು ತುಂಬಾ ಹಿಡಿಸಿತು.

ಸೈನ್ಯದ ಭಾಷೆ ಲ್ಯಾಟಿನ್. ಆದರೆ ಆ ಸೀಮೆಯಲ್ಲಿ ಓದು ಬರಹಕ್ಕೆ ಹೆಚ್ಚು ನಡೆಯುತ್ತಿದ್ದುದು ಗ್ರೀಕ್, ಹಾಗಾಗಿ ಗ್ರೀಕಿನಲ್ಲೇ ಬರೆಸಿದರು.

ಎರಡನೇ ಬರಹ ಅಕೆಪ್ಟೌಸ್ ಎಂಬ ಹೆಂಗಸಿನದು. ದೇವರನ್ನು ಪ್ರೀತಿಸುವ ಈಕೆ 'ದೇವರಾದ ಯೇಸು ಕ್ರಿಸ್ತನಿಗೆ' ನೆನಪಿಗಾಗಿ ಮೇಜೊಂದನ್ನು ಒಪ್ಪಿಸಿದಳು ಎಂದಿದೆ. ಯೇಸುವನ್ನು ದೇವರು ಎಂದು ಕರೆದ ಇಷ್ಟು ಹಳೆಯ ಕಲ್ಲಿನ ಬರಹ ಸಿಗುವುದೇ ಅಪರೂಪ. ಕೋಣೆಯ ನಡುವೆ ಆ ಮೇಜಿನ ಬುಡದ ಕಲ್ಲುಗಳೂ ಸಿಕ್ಕಿವೆ. ಸಹಭೋಜನದ ರೊಟ್ಟಿ, ದ್ರಾಕ್ಷಾರಸ ಇಡುತ್ತಿದ್ದುದು ಅದರ ಮೇಲೆಯೇ ಇರಬೇಕು.

ಮೂರನೆಯದು ಇಷ್ಟೇ: ಪ್ರಿಮಿಲ್ಲಾ, ಕಿರಿಯಾಕೆ, ಡೊರೊಥೆಯಾ, ಕ್ರೆಸ್ತೆ, ಇವರನ್ನು ನೆನೆಯಿರಿ. ನಾಲ್ವರೂ ಹೆಂಗಸರು. ಯಾರ ಹೆಂಡತಿ, ಯಾರ ಮಗಳು ಅಂತ ಒಂದಕ್ಷರ ಬರೆದಿಲ್ಲ. ಏನು ಕೊಟ್ಟರು ಎಂದೂ ಇಲ್ಲ. ಕೋಣೆಗೆ ಬಂದವರಿಗೆಲ್ಲ ಅವರು ಯಾರೆಂದು ಗೊತ್ತಿದ್ದಿರಬೇಕು. ಊರಿನವರಿಗೆ ಊರಿನವರ ಪರಿಚಯ ಹೇಳಬೇಕೆ?

ಜೈಲಿನೊಳಗೆ ಇದ್ದಷ್ಟು ಕಾಲ ಇದನ್ನು ನೋಡುವುದು ಜನಸಾಮಾನ್ಯರಿಗೆ ಆಗದ ಮಾತು. 2024ರಲ್ಲಿ ನೆಲವನ್ನು ಎತ್ತಿ ಅಮೆರಿಕದ ವಾಷಿಂಗ್ಟನ್ ನಗರದ ಬೈಬಲ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟರು. ಇದ್ದ ಜಾಗದಿಂದ ಕಿತ್ತು ದೂರ ಒಯ್ಯಬಾರದು ಎಂದು ಕೆಲವು ಪುರಾತತ್ವಜ್ಞರು ತಕರಾರು ಎತ್ತಿದ್ದರು.