ಕೆಂಪು ಹೋಗದ ಪಂಚೆ

ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿಯ ಹತ್ತಿರ ಟೀ ಕುಡಿಯುತ್ತಿದ್ದೆ. ಕೆಮ್ಮಣ್ಣುಗುಂಡಿಯಿಂದ ಸೈಕಲ್‌ನಲ್ಲಿ ಇಳಿದು ಬಂದ ಬೆಂಗಳೂರಿನ ನಾಲ್ಕು ಹುಡುಗರು ಪಕ್ಕದಲ್ಲಿ ನಿಂತರು. ದಪ್ಪ ಟೈರು, ತಲೆಗೆ ಹೆಲ್ಮೆಟ್ಟು, ಮೊಣಕಾಲವರೆಗೂ ಕೆಸರು. ನಾನು ಇತಿಹಾಸದ ವಿದ್ಯಾರ್ಥಿ ಎಂದು ತಿಳಿದದ್ದೇ ಒಬ್ಬ ಕೇಳಿದ: "ಅಷ್ಟು ಮೇಲಕ್ಕೆ ಮೊದಲು ದಾರಿ ಯಾಕೆ ಬೇಕಿತ್ತು?"

ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ತಂಗುದಾಣ ಅದು ಎಂದೆ. ಸುಳ್ಳಲ್ಲ. ಅದನ್ನು ಕೃಷ್ಣರಾಜೇಂದ್ರ ಗಿರಿಧಾಮ ಎಂದೂ ಕರೆಯುತ್ತಾರೆ. ಆದರೆ ಆ ಉತ್ತರ ಕೊಟ್ಟಾಗಿನಿಂದ ನನಗೆ ಸಮಾಧಾನವಿಲ್ಲ.

ಊರಿನ ಹೆಸರೇ ಇನ್ನೊಂದು ಉತ್ತರ ಹೇಳುತ್ತದೆ: ಕೆಂಪು ಮಣ್ಣಿನ ಗುಂಡಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದಕ್ಕೆ ಅದಿರು ಬೇಕಿತ್ತು, ಕಬ್ಬಿಣ ಕರಗಿಸಲು ಸೌದೆಯ ಇದ್ದಿಲು ಬೇಕಿತ್ತು. ಎರಡೂ ಈ ಸೀಮೆಯಲ್ಲೇ ಸಿಕ್ಕವು. ಗುಡ್ಡದ ಮೇಲೆ ಅಗೆದ ಅದಿರು ತಂತಿಹಗ್ಗಕ್ಕೆ ನೇತುಹಾಕಿದ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ಕಿರುಹಳಿಯ ಗಾಡಿಯಲ್ಲಿ ಭದ್ರಾವತಿಗೆ. ವಿಹಾರ ಮತ್ತು ಗಣಿ ಒಂದೇ ಗುಡ್ಡದಲ್ಲಿ ಒಟ್ಟಿಗೇ ಬೆಳೆದವು. ಗುಲಾಬಿ ತೋಟದ ಫೋಟೊಗಳಲ್ಲಿ ಮಾತ್ರ ಗಣಿ ಕಾಣುವುದಿಲ್ಲ.

ಗಿರಿಸಾಲಿನ ಒಳಮಗ್ಗುಲಿನ ಜಾಗರ ಕಣಿವೆಯದು ಬೇರೆ ಕಥೆ. 1951ರಲ್ಲಿ ಅದು ವನ್ಯಧಾಮವಾಯಿತು, 1974ರಲ್ಲಿ ಹಿಗ್ಗಿ ಭದ್ರಾ ಅಭಯಾರಣ್ಯವಾಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿದ್ದ ಹಳ್ಳಿಗಳ ಜನ 2001-02ರ ಹೊತ್ತಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೂ ಇತರೆಡೆಗೂ ಬಂದು ನೆಲೆಸಿದರು. ದೇಶದಲ್ಲೇ ಒಳ್ಳೆಯ ಪುನರ್ವಸತಿ ಎಂದು ಅದನ್ನು ಹೊಗಳುತ್ತಾರೆ. ಇರಬಹುದು. ಗುಡ್ಡದಲ್ಲಿ ಬದುಕಿದವರು ಕೆಳಗಿಳಿದರು, ಬದುಕಲು ಗುಡ್ಡ ಬೇಕಿಲ್ಲದ ನಾವು ಮೇಲೆ ಹತ್ತುತ್ತಿದ್ದೇವೆ ಎಂಬುದು ಮಾತ್ರ ನನ್ನ ತಲೆಯಿಂದ ಹೋಗುವುದಿಲ್ಲ. ಹತ್ತಬಾರದು ಎಂದಲ್ಲ, ನಾನೂ ಕಡೂರಿನ ಗೆಳೆಯನ ಸೈಕಲ್ ಎರವಲು ಪಡೆದು ಹತ್ತಿದವನೇ, ಅರ್ಧ ದಾರಿ ತಳ್ಳಿಕೊಂಡು.

ಆ ಹುಡುಗನಿಗೆ ನಾನು ಹೇಳದೆ ಉಳಿದದ್ದು ಇಷ್ಟು: ನಮ್ಮಜ್ಜ ಐವತ್ತರ ದಶಕದಲ್ಲಿ ಅಲ್ಲಿ ಅದಿರು ತುಂಬುವ ಕೂಲಿಯಾಗಿದ್ದರು. ನಾನು ಈವರೆಗೆ ತಿರುವಿದ ವರದಿಗಳಲ್ಲಿ ಟನ್ನುಗಳ ಲೆಕ್ಕವಿದೆ, ಕೂಲಿಯವರ ಹೆಸರಿಲ್ಲ. ಅಜ್ಜನನ್ನು ಪ್ರಬಂಧದೊಳಗೆ ತರಲು ದಾಖಲೆ ಬೇಕು ಎನ್ನುತ್ತಾರೆ ಮಾರ್ಗದರ್ಶಕರು. ಅವರು ಹೇಳುವುದೂ ಸರಿಯೇ.

ಕಳೆದ ವಾರ ಅಜ್ಜಂಪುರದಲ್ಲಿ ಅಜ್ಜಿಗೆ ಆ ಹುಡುಗರ ಫೋಟೊ ತೋರಿಸಿದೆ.

"ದುಡ್ಡು ಖರ್ಚು ಮಾಡಿ ಅಲ್ಲಿಗೆ ಹೋಗ್ತಾರೇನೋ? ನಿಮ್ಮಜ್ಜ ಯಾವಾಗ ಇಳಿದು ಬಂದೇನು ಅಂತಿದ್ರು."

ಆಮೇಲೆ ಕೆಸರು ಹತ್ತಿದ ಮೊಣಕಾಲುಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. "ಇದೇ ಮಣ್ಣು. ಎಷ್ಟು ಬಡಿದು ಒಗೆದ್ರೂ ಅವರ ಪಂಚೆಯಿಂದ ಹೋಗ್ತಿರಲಿಲ್ಲ" ಎಂದು ಫೋನನ್ನು ನನ್ನ ಕೈಗಿತ್ತು ಒಳಗೆ ಹೋದಳು.

ಮಾತಾಡಿದ್ದನ್ನು ದಿನಾಂಕ ಹಾಕಿ ಬರೆದಿಟ್ಟುಕೊಂಡಿದ್ದೇನೆ.