ಘಟಪ್ರಭೆಯ ಸೀಮೆಯ ಹಳೆಯ ಬಂದೂಕು

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯು ಶಸ್ತ್ರದೊಡನೆ ಬಹುಕಾಲ ಬಾಳಿದ ಸೀಮೆ. ಹುಕ್ಕೇರಿಯ ಗುಮ್ಮಟಗಳು ಬಿಜಾಪುರದ ಆದಿಲಶಾಹಿಯ ದಿನಗಳಿಗೆ ಇಂದಿಗೂ ಸಾಕ್ಷಿಯಾಗಿ ನಿಂತಿವೆ. ಗೋಕಾಕವು 1717ರಿಂದ 1754ರವರೆಗೆ ಸವಣೂರಿನ ನವಾಬರ ಆಳ್ವಿಕೆಯಲ್ಲಿದ್ದು, ತರುವಾಯ ಪೇಶ್ವೆಯರ ಅಧಿಕಾರಚ್ಛಾಯೆಗೆ ಬಂದು, ಕಡೆಗೆ 1836ರಲ್ಲಿ ಗೋವಿಂದರಾವ ಪಟವರ್ಧನರ ಮರಣಾನಂತರ ಇಂಗ್ಲಿಷರ ವಶವಾಯಿತು. ಹೀಗೆ ಪ್ರಭುಗಳು ಮೇಲಿಂದ ಮೇಲೆ ಬದಲಾಗುತ್ತಿದ್ದ ನಾಡಿನಲ್ಲಿ ದೇಸಾಯರ ವಾಡೆಗಾಗಲಿ, ಊರ ಗೌಡನಿಗಾಗಲಿ, ಬೇಟೆ ಮತ್ತು ಕಾವಲನ್ನೇ ಕುಲವೃತ್ತಿಯಾಗಿ ನಡೆಸಿದ ಬೇಡರಿಗಾಗಲಿ ಆಯುಧವೆಂಬುದು ಕೇವಲ ಅಲಂಕಾರವಾಗಿರಲಿಲ್ಲ. ಮಾನಪ್ರಾಣಗಳೆರಡೂ ಅದನ್ನು ಆಶ್ರಯಿಸಿದ್ದವು. ಆದುದರಿಂದ ಹಳೆಯ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದು, ಹಿಡಿ ಬಿರಿದು, ಮದ್ದು ಹೊತ್ತಿಸುವ ಕುದುರೆ ಮುರಿದು ಬಿದ್ದಿರುವ ಬಂದೂಕೊಂದು ದೊರೆತರೆ, ಅದನ್ನು ಹಾಳು ಕಬ್ಬಿಣವೆಂದು ತಿಳಿಯದೆ ಆ ಮನೆತನದ ಕಾಗದಪತ್ರಗಳೊಡನೆ ಎಣಿಸತಕ್ಕದ್ದು ಎಂಬುದೇ ನನ್ನ ವಿಜ್ಞಾಪನೆ.

ಇಂತಹ ಬಂದೂಕುಗಳು ನಮ್ಮಲ್ಲಿ ವಿರಳವಾದುದಕ್ಕೆ ದಾರುಣವಾದ ಕಾರಣವುಂಟು. ಉತ್ತರದ ಸಿಪಾಯಿ ದಂಗೆಯಿಂದ ಎಚ್ಚೆತ್ತ ಕಂಪನಿ ಸರಕಾರವು 1857ರ ಸೆಪ್ಟೆಂಬರದಲ್ಲಿ 28ನೆಯ ಕಾಯಿದೆಯನ್ನು ಹೊರಡಿಸಿ ಪ್ರಜೆಗಳ ಆಯುಧಗಳ ಮೇಲೆ ನಿರ್ಬಂಧ ಹೇರಿತು. ಮೂಡಲಗಿಯಿಂದ ಪೂರ್ವಕ್ಕೆ, ಅಂದಿನ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಪಿತ್ರಾರ್ಜಿತವಾದ ಆಯುಧಗಳನ್ನು ಒಪ್ಪಿಸಲಾರೆವೆಂದು ನಿಂತರು. ನವೆಂಬರದ ಕೊನೆಯಲ್ಲಿ ಇಂಗ್ಲಿಷರ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರದಲ್ಲಿ ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಎಂಬ ಆ ವೀರರ ಹೆಸರುಗಳು ಲಾವಣಿಯಲ್ಲಿ ಉಳಿದವು. ಶಾಸನತಜ್ಞನಾದ ಫ್ಲೀಟನು ಆ ಲಾವಣಿಯನ್ನು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಮಾಡಿಸಿದನು. ಮುಂದೆ ವೈಸರಾಯ್ ಲಿಟನ್ನನ ಕಾಲದ 1878ರ ಶಸ್ತ್ರ ಕಾಯಿದೆಯು ಪರವಾನಗಿಯ ಪದ್ಧತಿಯನ್ನು ಸ್ಥಿರಗೊಳಿಸಿತು. ಕೊಡವರಿಗೆ 1861ರಲ್ಲಿ ದೊರೆತ ವಿನಾಯಿತಿ ನಮ್ಮ ಸೀಮೆಗೆ ದೊರೆಯಲಿಲ್ಲ. ಕೊಡಗಿನಲ್ಲಿ ಮನೆಮನೆಯ ಗೋಡೆಯ ಮೇಲೆ ಉಳಿದ ಕೋವಿಯು ಇಲ್ಲಿ ಪರವಾನಗಿ ಪಡೆದ ಕೆಲವರ ಮನೆಯಲ್ಲಿ ಮಾತ್ರ ಉಳಿಯಿತು.

ಬಂದೂಕಿನ ವಯಸ್ಸನ್ನು ಅದರ ರಚನೆಯೇ ಹೇಳುತ್ತದೆ. ಬಾಯಿಯಿಂದ ಮದ್ದು ತುಂಬಿ, ಗಜವೆಂಬ ಸಲಾಕೆಯಿಂದ ಜಡಿದು, ಉರಿಯುವ ಬತ್ತಿಯಿಂದ ಹೊತ್ತಿಸುವುದು ಅತ್ಯಂತ ಹಳೆಯ ಪದ್ಧತಿ. 1807ರಲ್ಲಿ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು ಪೆಟ್ಟಿನಿಂದಲೇ ಸಿಡಿಯುವ ಮದ್ದಿನ ಉಪಾಯಕ್ಕೆ ಹಕ್ಕುಪತ್ರ ಪಡೆದ ಮೇಲೆ ಅಂತಹ ಮದ್ದಿನ ಕೇಪನ್ನು ಬಳಸುವ ಬಂದೂಕುಗಳು ಬಂದವು. ಅನಂತರ ಹಿಂಬದಿಯಿಂದ ತೋಟಾ ಹಾಕುವ ಜೋಡುನಳಿಗೆಗಳು ಬಂದು, 1875ರಲ್ಲಿ ಬರ್ಮಿಂಗ್‌ಹ್ಯಾಮಿನ ಆನ್ಸನ್ ಮತ್ತು ಡೀಲಿ ಎಂಬವರು ಕುದುರೆಗಳನ್ನು ಒಳಗೇ ಅಡಗಿಸುವ ಯಂತ್ರವನ್ನು ಕಲ್ಪಿಸಿದರು. ನಳಿಗೆಯನ್ನು ಹಿಡಿಯಿಂದ ಬೇರ್ಪಡಿಸಿ ತಳಭಾಗವನ್ನು ಬೆಳಕಿಗೆ ಹಿಡಿದರೆ ಸಾಸಿವೆಯಷ್ಟು ಸಣ್ಣ ಮುದ್ರೆಗಳು ಕಾಣುತ್ತವೆ. ಕಿರೀಟದ ಕೆಳಗೆ ಪರಸ್ಪರ ಅಡ್ಡಹಾಯ್ದ ಎರಡು ರಾಜದಂಡಗಳಿದ್ದರೆ ಅದು ಬರ್ಮಿಂಗ್‌ಹ್ಯಾಮಿನಲ್ಲಿ 1904ಕ್ಕೆ ಮೊದಲು ಪರೀಕ್ಷೆಗೊಂಡ ನಳಿಗೆ. ಅಂಡಾಕೃತಿಯೊಳಗೆ ಇ, ಎಲ್, ಜಿ ಎಂಬ ರೋಮನ್ ಅಕ್ಷರಗಳಿದ್ದರೆ ಅದು ಬೆಲ್ಜಿಯಮಿನ ಲೀಜ್ ನಗರದ್ದು, ಮೇಲೊಂದು ಕಿರೀಟವೂ ಇದ್ದರೆ 1893ರ ಈಚಿನದು. 12ನೆಯ ಬೋರ್ ಎಂದರೆ ಒಂದು ರತ್ತಲು ಸೀಸದಿಂದ ಸಮನಾದ 12 ಗುಂಡುಗಳನ್ನು ಎರೆದಾಗ ಒಂದೊಂದರ ಗಾತ್ರವೆಷ್ಟೋ ಅಷ್ಟು ಅಗಲದ ನಳಿಗೆ. ಈ ಮುದ್ರೆಗಳನ್ನು ಓದಿದವನಿಗೆ, ಕಡಲು ದಾಟಿ ನಮ್ಮ ಸೀಮೆಗೆ ಬಂದ ಆ ವಸ್ತುವಿನ ಜನ್ಮವೃತ್ತಾಂತ ತಾನಾಗಿ ತೆರೆದುಕೊಳ್ಳುತ್ತದೆ.

ಜೀರ್ಣೋದ್ಧಾರದ ಹೆಸರಿನಲ್ಲಿ ಈ ಮುದ್ರೆಗಳ ಬರಹವನ್ನು ಅಳಿಸುವವರೇ ಬಹುಮಂದಿ. ಉಜ್ಜುಕಾಗದದಿಂದ ತಿಕ್ಕಿ ಬೆಳ್ಳಗೆ ಹೊಳೆಯಿಸಿದ ನಳಿಗೆಯಲ್ಲಿ ಮುದ್ರೆಯೂ ಉಳಿಯದು, ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೊಸೆದು ಬೆಸೆದು ಮಾಡಿದ ಡಮಾಸ್ಕಸ್ ನಳಿಗೆಯ ಸುಳಿಸುಳಿಯಾದ ವಿನ್ಯಾಸವೂ ಉಳಿಯದು. ಅದರ ಮೇಲಿನ ಕಂದು ಬಣ್ಣವು ಕುಶಲಿಯಾದ ಕಮ್ಮಾರನು ಬೇಕೆಂದೇ ಹದವಾಗಿ ಬರಿಸಿದ ತುಕ್ಕು ಎಂಬುದನ್ನು ತಿಳಿಯದವರು ಅದನ್ನು ಕೊಳೆಯೆಂದು ಕೆರೆಯುತ್ತಾರೆ. ಮೊದಲು ಮಾಡತಕ್ಕದ್ದು ಒಳಗೆ ಮದ್ದಿದೆಯೇ ಎಂಬ ಪರೀಕ್ಷೆ: ಬಾಯಿಯಿಂದ ತುಂಬುವ ಬಂದೂಕಾದರೆ, ಬಾಯಿಯನ್ನು ಮೈಗೆ ದೂರವಾಗಿರಿಸಿ, ಗಜವನ್ನು ಮೆಲ್ಲನೆ ಒಳಗಿಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರಗೆ ನಳಿಗೆಯ ಮಗ್ಗುಲಿಗಿಟ್ಟು ನೋಡಬೇಕು, ಗಜದ ತುದಿ ಬೆಂಕಿ ಒಳಹೋಗುವ ಕಿವಿಯ ರಂಧ್ರದವರೆಗೆ ಮುಟ್ಟದೆ ಹಿಂದೆಯೇ ನಿಂತರೆ, ಎಷ್ಟೋ ವರ್ಷಗಳ ಹಿಂದೆ ತುಂಬಿದ ಮದ್ದುಗುಂಡುಗಳು ಒಳಗೇ ಇವೆಯೆಂದು ತಿಳಿದು ಬಲ್ಲವರನ್ನು ಕರೆಯಬೇಕು, ಏಕೆಂದರೆ ಕರಿಮದ್ದು ಒಣಗಿದ್ದಷ್ಟು ಕಾಲ ತನ್ನ ಗುಣವನ್ನು ಬಿಡುವುದಿಲ್ಲ. ಆಮೇಲೆ ಲೋಹಕ್ಕೆ ತೆಳುವಾದ ಎಣ್ಣೆ, ಮೃದುವಾದ ಬಟ್ಟೆ, ಮರಕ್ಕೆ ನಮ್ಮ ಹೊಲದಲ್ಲೇ ಬೆಳೆಯುವ ಅಗಸಿಯ ಎಣ್ಣೆ, ಇಷ್ಟು ಸಾಕು. ಬಿರಿದ ಹಿಡಿಗೆ ಊರ ಬಡಿಗನೋ ಕಮ್ಮಾರನೋ ಬಿಗಿದ ಹಿತ್ತಾಳೆಯ ಪಟ್ಟಿಯಿದ್ದರೆ ಅದನ್ನು ಕೀಳಬಾರದು. ಪರದೇಶದಲ್ಲಿ ಹುಟ್ಟಿದ ಆಯುಧವು ನಮ್ಮ ನೆಲದಲ್ಲಿ ಬಾಳಿದುದಕ್ಕೆ ಆ ಪಟ್ಟಿಯೇ ಪ್ರಮಾಣ.

ಇಂತಹ ಬಂದೂಕನ್ನು ಹಾರಿಸುವ ಆಸೆಯನ್ನು ಸರ್ವಥಾ ಬಿಡಬೇಕು. ಕರಿಮದ್ದಿಗಾಗಿ ಮಾಡಿದ ಹಳೆಯ ನಳಿಗೆಯು ಇಂದಿನ ತೋಟಾದ ಒತ್ತಡಕ್ಕೆ ಸೀಳಿ ಹಾರಿಸಿದವನ ಕೈಯನ್ನೇ ಕೊಂಡೊಯ್ದೀತು. 1959ರ ಶಸ್ತ್ರ ಕಾಯಿದೆಯ 45ನೆಯ ಕಲಮು, ದುರಸ್ತಿಯಿಂದಲೂ ಬಳಕೆಗೆ ಬಾರದ ಪುರಾತನ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ತನ್ನದು ಅಂತಹುದೆಂದು ತಾನೇ ತೀರ್ಮಾನಿಸದೆ ಪೊಲೀಸ್ ಠಾಣೆಗೆ ತಿಳಿಸಿ ಲಿಖಿತ ನಿರ್ಣಯ ಪಡೆಯುವುದು ಗೃಹಸ್ಥನಿಗೆ ಕ್ಷೇಮ.

ಆದುದರಿಂದ ಈ ಮೂರು ತಾಲೂಕುಗಳ ಹಳೆಯ ಮನೆತನದವರಲ್ಲಿ ನನ್ನದೊಂದು ಬಿನ್ನಹ: ಆಯುಧಪೂಜೆಯ ದಿನ ಕುಂಕುಮವಿಡುವ ಆ ಬಂದೂಕಿನ ಮುದ್ರೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿರಿ, ಹಳೆಯ ಪರವಾನಗಿ ಪತ್ರಗಳನ್ನು ಹುಡುಕಿ ಅದರೊಡನೆ ಇಡಿರಿ, ಯಾರ ಕಾಲದಲ್ಲಿ ಎಲ್ಲಿಂದ ಬಂದಿತೆಂಬುದನ್ನು ಹಿರಿಯರಿರುವಾಗಲೇ ಕೇಳಿ ದಾಖಲಿಸಿರಿ, ಗುಜರಿಯವನಿಗೆ ಮಾತ್ರ ಕೊಡದಿರಿ.